ಎಸ್ಸೆನ್‌ನ ಶ್ಪೀಲ್ ಮೇಳಕ್ಕೆ ಅಪ್ಪ, ಮಗಳು ಇಬ್ಬರನ್ನೂ ಕರೆದುಕೊಂಡು ಹೋಗಬಹುದಾ?

ಹಾಸನದವಳು, ಡೋರ್ಟ್‌ಮುಂಡ್:

ಎಲ್ಲರಿಗೂ ನಮಸ್ಕಾರ. ಅಕ್ಟೋಬರ್‌ನಲ್ಲಿ ಎಸ್ಸೆನ್‌ನಲ್ಲಿ ಬೋರ್ಡ್ ಗೇಮ್ ಮೇಳ ನಡೆಯುತ್ತದಲ್ಲ, ಶ್ಪೀಲ್, ಅದಕ್ಕೆ ಹೋಗಿ ಬಂದವರು ಯಾರಾದರೂ ಇದ್ದರೆ ಸ್ವಲ್ಪ ದಾರಿ ಹೇಳಿ.

ನನ್ನ ಮಗಳಿಗೆ ಹತ್ತು ವರ್ಷ. ಶಾಲೆಯ ಮಧ್ಯಾಹ್ನದ ಕ್ಲಬ್‌ನಲ್ಲಿ ಆಡಿ ಆಡಿ ಈಗ ಮನೆಯಲ್ಲೂ ಅದೇ. ಕಾರ್ಕಸೋನ್, ಕಿಂಗ್‌ಡೊಮಿನೊ, ಕ್ವಿರ್ಕಲ್. ರಾತ್ರಿ ಊಟದ ತಟ್ಟೆ ಎತ್ತುವ ಮೊದಲೇ ಡಬ್ಬಿ ತಂದು ಇಡುತ್ತಾಳೆ. ಮೇಳದ ವಿಷಯ ಅವಳಿಗೆ ಗೆಳತಿ ಹೇಳಿದ್ದಾಳೆ. ಅವತ್ತಿನಿಂದ ಒಂದೇ ಹಟ.

ಈ ಸಲ ಅದೇ ಸಮಯಕ್ಕೆ ನಮ್ಮಪ್ಪ ಊರಿನಿಂದ ಬಂದಿರುತ್ತಾರೆ. ಅವರಿಗೆ 71. ಹೊಳೆನರಸೀಪುರದ ಹತ್ತಿರ ನಮ್ಮೂರು. ಚೌಕಾಬಾರದ ಮುಂದೆ ಕೂತರೆ ಅಪ್ಪನಿಗೆ ಹಸಿವು, ನಿದ್ದೆ ಏನೂ ಇಲ್ಲ. ಕಾಯಿ ಹೊಡೆಸಿಕೊಂಡವರು ಸಿಟ್ಟಲ್ಲಿ ಎದ್ದು ಹೋದರೆ ಇನ್ನೊಬ್ಬರನ್ನು ಕರೆದು ಕೂರಿಸಿಕೊಳ್ಳುತ್ತಾರೆ. ಆದರೆ ಜರ್ಮನ್ ಬರುವುದಿಲ್ಲ, ಇಂಗ್ಲಿಷ್ ಅಷ್ಟಕ್ಕಷ್ಟೆ. ಎಡ ಮಂಡಿ ನೋವು ಬೇರೆ, ತುಂಬಾ ಹೊತ್ತು ನಿಲ್ಲಲು ಆಗುವುದಿಲ್ಲ. ಯಜಮಾನರಿಗೆ ಆ ವಾರ ಕೆಲಸ ಇದೆ. ಅಪ್ಪನನ್ನು ಮನೆಯಲ್ಲಿ ಒಬ್ಬರನ್ನೇ ಬಿಟ್ಟು ನಾವಿಬ್ಬರು ಹೋಗಲು ನನಗೆ ಮನಸ್ಸಿಲ್ಲ. ಕರೆದುಕೊಂಡು ಹೋಗಿ ಅವರು ಅಲ್ಲಿ ಸುಮ್ನೆ ಗೋಡೆ ನೋಡುತ್ತಾ ಕೂರುವಂತಾದರೆ ಅದೂ ಬೇಡ.

ಯಾವ ದಿನ ಹೋದರೆ ಒಳ್ಳೆಯದು? ಒಂದು ದಿನ ಸಾಕಾ? ಭಾಷೆ ಬಾರದ ಹಿರಿಯರು ಕೂತು ಆಡುವಂಥದ್ದು ಅಲ್ಲಿ ಏನಾದರೂ ಇರುತ್ತದಾ? ನನ್ನ ಜರ್ಮನ್ ಅಂಗಡಿ, ಡಾಕ್ಟರು ಇಷ್ಟಕ್ಕೆ ಸಾಕಾಗುತ್ತದೆ. ಮಗಳು ಮಾತ್ರ ಪಟಪಟ ಅಂತ ಮಾತಾಡುತ್ತಾಳೆ. ಅಪ್ಪ ಸಸ್ಯಾಹಾರಿ, ಹೊರಗಿನ ಊಟ ಅವರಿಗೆ ಅಷ್ಟಾಗಿ ಸೇರುವುದಿಲ್ಲ. ಅದನ್ನೂ ಹೇಳಿಬಿಟ್ಟರೆ ಉಪಕಾರ.

ತೀರ್ಥಹಳ್ಳಿಯವ, ಎಸ್ಸೆನ್:

ಖಂಡಿತ ಕರೆದುಕೊಂಡು ಬನ್ನಿ ಮೇಡಂ. ಇಬ್ಬರನ್ನೂ. ನಾನಿರುವುದು ರೂಟನ್‌ಶೈಡ್‌ನಲ್ಲಿ. ಮೇಳ ನಡೆಯುವ ಮೆಸ್ಸೆಗೆ ಮನೆಯಿಂದ ನಡೆದೇ ಹೋಗಬಹುದು. ಪ್ರತಿ ವರ್ಷ ಹೋಗುತ್ತೇನೆ. ಆ ನಾಲ್ಕು ದಿನ ನನಗೆ ದೀಪಾವಳಿಗಿಂತ ದೊಡ್ಡ ಹಬ್ಬ.

ಎಲ್ಲಕ್ಕಿಂತ ಮೊದಲು ಒಂದು ಮಾತು. ಶ್ಪೀಲ್‌ಗೆ ಬಹಳ ಜನ ಡಬ್ಬಿ ಕೊಳ್ಳಲು ಅಂತಲೇ ಬರುತ್ತಾರೆ. ಕೈಯಲ್ಲಿ ಹೊಸ ಆಟಗಳ ಪಟ್ಟಿ, ಹೆಗಲಲ್ಲಿ ನೀಲಿ ಐಕಿಯಾ ಚೀಲ, ಹತ್ತು ಗಂಟೆಗೆ ಬಾಗಿಲು ತೆಗೆದರೆ ಓಟ. ಸಂಜೆ ನೋಡಿದರೆ ಚೀಲ ತುಂಬಿರುತ್ತದೆ, ಒಂದು ಆಟವನ್ನೂ ಪೂರ್ತಿ ಆಡಿರುವುದಿಲ್ಲ. ಇದನ್ನು ನೋಡಿದರೆ ನನಗೆ ನಿಜವಾಗಿ ಸಂಕಟ ಆಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಡಬ್ಬಿಗಳು ಇನ್ನೆರಡು ತಿಂಗಳಲ್ಲಿ ಅಂಗಡಿಗೆ ಬರುತ್ತವೆ. ಅಂಗಡಿಗೆ ಬರದೇ ಇರುವುದು ಆ ಮೇಜುಗಳು. ಗುರುತು ಪರಿಚಯ ಇಲ್ಲದ ಮೂವರ ಜೊತೆ ಕೂರುತ್ತೀರಿ, ಕಲಿಸುವವರು ಪಕ್ಕದಲ್ಲೇ ನಿಂತಿರುತ್ತಾರೆ, ದುಡ್ಡು ಕೊಡಬೇಕಿಲ್ಲ, ಕೊಳ್ಳಲೇಬೇಕು ಅಂತಲೂ ಇಲ್ಲ. ಹಾಗಾಗಿ ಆಡಲು ಬನ್ನಿ. ಕೊಳ್ಳುವುದು ಆಮೇಲೆ ನೋಡೋಣ.

ಈ ಮೇಳ 1983ರಲ್ಲಿ ಶುರುವಾದದ್ದೇ ಆಡುವವರಿಗಾಗಿ. ನ್ಯೂರೆಂಬರ್ಗ್‌ನಲ್ಲಿ ನಡೆಯುವ ಆಟಿಕೆಗಳ ಮೇಳ ವ್ಯಾಪಾರಿಗಳದ್ದು. ಇಲ್ಲಿ ಯಾರು ಬೇಕಾದರೂ ಟಿಕೆಟ್ ತಗೊಂಡು ಒಳಗೆ ಹೋಗಬಹುದು. 2024ರಲ್ಲಿ ನಾಲ್ಕು ದಿನ ಸೇರಿ 2 ಲಕ್ಷಕ್ಕೂ ಹೆಚ್ಚು ಜನ ಬಂದಿದ್ದರು. ಅಷ್ಟು ಜನರಲ್ಲಿ ನಿಮ್ಮ ಮಗಳ ವಯಸ್ಸಿನ ಮಕ್ಕಳೂ ಸಿಗುತ್ತಾರೆ, ನಿಮ್ಮ ತಂದೆಯವರ ವಯಸ್ಸಿನವರೂ ಸಿಗುತ್ತಾರೆ. ಜರ್ಮನಿಯಲ್ಲಿ ಇದು ಬರೀ ಹುಡುಗರ ಹವ್ಯಾಸ ಅಲ್ಲ. ಅಜ್ಜ, ಅಜ್ಜಿ, ಮಗ, ಸೊಸೆ, ಮೊಮ್ಮಕ್ಕಳು ಒಂದೇ ಮೇಜಿಗೆ ಕೂತಿರುವುದನ್ನು ಅಲ್ಲಿ ಹೆಜ್ಜೆ ಹೆಜ್ಜೆಗೂ ನೋಡುತ್ತೀರಿ.

ದಿನದ ವಿಷಯ. ಗುರುವಾರದಿಂದ ಭಾನುವಾರದವರೆಗೆ ಇರುತ್ತದೆ. ಗುರುವಾರ ಕೊಳ್ಳುವವರ ದಿನ, ಬೆಳಿಗ್ಗೆ ತುಂಬಾ ನೂಕಾಟ. ಶನಿವಾರ ಮಾತ್ರ ಬೇಡವೇ ಬೇಡ. ಸಿರಸಿ ಮಾರಿಕಾಂಬಾ ಜಾತ್ರೆಯಲ್ಲಿ ರಥಬೀದಿಗೆ ಸಿಕ್ಕಿಕೊಂಡ ಹಾಗಿರುತ್ತದೆ, ಮಂಡಿ ನೋವಿನವರಿಗೆ ಆಗುವಂಥದ್ದಲ್ಲ. ನಿಮಗೆ ಶುಕ್ರವಾರ ಸರಿ. ಆದರೆ ಆ ವಾರ ಶಾಲೆಗೆ ಶರತ್ಕಾಲದ ರಜೆ ಇದೆಯಾ ಅಂತ ಮೊದಲು ನೋಡಿಕೊಳ್ಳಿ. ಕೆಲವು ವರ್ಷ ರಜೆಯೊಳಗೆ ಬೀಳುತ್ತದೆ, ಕೆಲವು ವರ್ಷ ಇಲ್ಲ. ಶಾಲೆ ಇದ್ದರೆ ಮೇಳಕ್ಕೆ ಅಂತ ರಜೆ ಕೊಡುವುದಿಲ್ಲ, ಗೊತ್ತಲ್ಲ. ಆಗ ಭಾನುವಾರ ಬನ್ನಿ. ಭಾನುವಾರ ಕೆಲವು ಹೊಸ ಆಟಗಳು ಖಾಲಿಯಾಗಿರುತ್ತವೆ, ಆಡಲು ಮೇಜು ಮಾತ್ರ ಸುಲಭವಾಗಿ ಸಿಗುತ್ತದೆ. ನಿಮಗೆ ಬೇಕಾದದ್ದು ಅದೇ. ಒಂದು ದಿನ ಧಾರಾಳ ಸಾಕು. ಟಿಕೆಟ್ ಮಾತ್ರ ಮುಂಚೆಯೇ ಆನ್‌ಲೈನ್‌ನಲ್ಲಿ ತಗೊಳ್ಳಿ. ಅದು ಆಯಾ ದಿನಕ್ಕೆ ಮಾತ್ರ. ಬಾಗಿಲಲ್ಲಿ ನೋಡಿಕೊಳ್ಳೋಣ ಅಂತ ಬಂದರೆ ವಾಪಸ್ ಹೋಗಬೇಕಾಗಬಹುದು.

ಡೋರ್ಟ್‌ಮುಂಡ್‌ನಿಂದ ಎಸ್ಸೆನ್ ಮುಖ್ಯ ನಿಲ್ದಾಣಕ್ಕೆ ಆರ್‌ಇ1 ಅಥವಾ ಆರ್‌ಇ6 ಹಿಡಿಯಿರಿ, ಅರ್ಧ ಗಂಟೆಯೊಳಗೆ ಬರುತ್ತೀರಿ. ಅಲ್ಲಿ ಕೆಳಗಿಳಿದು ಯು11 ಮೆಟ್ರೊ. ಮೆಸ್ಸೆ ಅಂತ ಹೆಸರಿರುವ ಎರಡು ನಿಲ್ದಾಣ ಬರುತ್ತವೆ, ಮೊದಲು ಮೆಸ್ಸೆ ಓಸ್ಟ್, ಆಮೇಲೆ ಕೊನೆಯ ನಿಲ್ದಾಣ. ಯಾವ ಬಾಗಿಲು ನಿಮಗೆ ಹತ್ತಿರ ಅಂತ ಹಾಲ್‌ಗಳ ನಕ್ಷೆ ನೋಡಿ ಇಳಿಯಿರಿ, ತಂದೆಯವರಿಗೆ ಅಷ್ಟು ನಡಿಗೆ ಉಳಿಯುತ್ತದೆ. ನಿಮ್ಮ ಹತ್ತಿರ ಡಾಯ್ಚ್‌ಲಾಂಡ್ ಟಿಕೆಟ್ (ದೇಶದೆಲ್ಲೆಡೆ ಸ್ಥಳೀಯ ರೈಲು, ಬಸ್ಸಿಗೆ ನಡೆಯುವ ತಿಂಗಳ ಪಾಸ್) ಇದ್ದರೆ ಅದು ಯು11ಕ್ಕೂ ನಡೆಯುತ್ತದೆ. ಆದರೆ ಅದು ಒಬ್ಬರ ಹೆಸರಿನದ್ದು, ಮಗಳಿಗೂ ತಂದೆಯವರಿಗೂ ಬೇರೆ ಟಿಕೆಟ್ ಬೇಕು. ಇನ್ನೊಂದು, ಒಂಬತ್ತೂವರೆಗೆ ಬಂದು ಸಾಲಿನಲ್ಲಿ ನಿಲ್ಲಬೇಡಿ. ಹನ್ನೊಂದರ ಮೇಲೆ ಬನ್ನಿ, ಸೀದಾ ಒಳಗೆ ಹೋಗಬಹುದು.

ಈಗ ಮೇಜು ಹಿಡಿಯುವ ವಿಚಾರ. ಹೊಸಬರು ಸೋಲುವುದು ಇಲ್ಲೇ. ಕಂಪನಿಗಳ ಮಳಿಗೆಯಲ್ಲಿ ಮೇಜು ಹಾಕಿ ಆಟ ಹರಡಿಟ್ಟಿರುತ್ತಾರೆ. ಕುರ್ಚಿ ಖಾಲಿ ಆಗುವುದನ್ನು ಕಾಯುತ್ತಾ ದೂರದಲ್ಲಿ ನಿಂತರೆ ಇಡೀ ದಿನ ನಿಂತೇ ಇರುತ್ತೀರಿ. ಆಟ ಮುಗಿಯುವ ಹಂತದಲ್ಲಿರುವ ಮೇಜು ನೋಡಿ ಅದರ ಪಕ್ಕ ಹೋಗಿ ನಿಲ್ಲಿ. ಯಾರೂ ತಪ್ಪು ತಿಳಿಯುವುದಿಲ್ಲ. "ಎಷ್ಟು ಸುತ್ತು ಉಳಿದಿದೆ" ಅಂತ ಮಗಳ ಕೈಲಿ ಕೇಳಿಸಿ. ಇಬ್ಬರೇ ಕೂತಿರುವ ನಾಲ್ಕು ಜನರ ಮೇಜಿದ್ದರೆ "ನಾವೂ ಸೇರಬಹುದಾ" ಅಂತ ಕೇಳಿ. ಹೆಚ್ಚಿನ ಸಲ ಕುರ್ಚಿ ಎಳೆದು ಕೊಡುತ್ತಾರೆ. ಕಲಿಸುವವರನ್ನು ಇಲ್ಲಿ ಎರ್ಕ್ಲೇರ್‌ಬೇರ್ ಅಂತ ಪ್ರೀತಿಯಿಂದ ಕರೆಯುತ್ತಾರೆ. ಜರ್ಮನ್, ಇಂಗ್ಲಿಷ್ ಎರಡರಲ್ಲೂ ಹೇಳಿಕೊಡುತ್ತಾರೆ. ಅಲ್ಲಿಂದ ಮುಂದೆ ಕನ್ನಡಕ್ಕೆ ನಿಮ್ಮ ಮಗಳಿದ್ದಾಳಲ್ಲ. ತಾತನಿಗೆ ಆಟ ಹೇಳಿಕೊಡುವ ಕೆಲಸ ಅವಳಿಗೇ ಬಿಡಿ. ನೀವು ಮಧ್ಯೆ ಬಾಯಿ ಹಾಕಬೇಡಿ. ಹತ್ತು ವರ್ಷದ ಮಗು ಒಂದು ಆಟವನ್ನು ಇನ್ನೊಬ್ಬರಿಗೆ ಕಲಿಸಿದರೆ ಅದು ಆ ಮಗುವಿಗೆ ಪೂರ್ತಿ ಬಂದಂತೆ.

ತಂದೆಯವರಿಗೆ ಅಕ್ಷರ ಇಲ್ಲದ ಆಟ ಆರಿಸಿ. ಬೋರ್ಡ್‌ಗೇಮ್‌ಗೀಕ್ ತಾಣದಲ್ಲಿ ಪ್ರತಿ ಆಟದ ಪುಟದಲ್ಲೂ ಅದಕ್ಕೆ ಭಾಷೆ ಎಷ್ಟು ಬೇಕು ಅಂತ ಆಡಿದವರ ಮತ ಇರುತ್ತದೆ. ಮೇಳಕ್ಕೆ ಬರುವ ಹೊಸ ಆಟಗಳ ಪಟ್ಟಿಯೂ ಅದೇ ತಾಣದಲ್ಲಿ ಪ್ರತಿ ವರ್ಷ ಬರುತ್ತದೆ. ಅದನ್ನು ಪೂರ್ತಿ ಓದಲು ಹೋಗಬೇಡಿ, ತಲೆ ಕೆಡುತ್ತದೆ. ನಿಮಗೆ ನಾಲ್ಕೈದು ಸಾಕು, ಅದರಲ್ಲಿ ಎರಡು ಹಳೆಯವೇ ಇರಲಿ.

ನನ್ನ ಮೊದಲ ಆಯ್ಕೆ ಅಜುಲ್. ಮಿಖಾಯೆಲ್ ಕೀಸ್ಲಿಂಗ್ ಮಾಡಿದ ಆಟ, 2018ರಲ್ಲಿ ಶ್ಪೀಲ್ ಡೆಸ್ ಯಾರೆಸ್, ಅಂದರೆ "ವರ್ಷದ ಆಟ" ಅನ್ನುವ ಜರ್ಮನ್ ಪ್ರಶಸ್ತಿ ಸಿಕ್ಕಿದೆ. ಮೂವರು ಕೂತರೆ ಮಧ್ಯದಲ್ಲಿ ಏಳು ದುಂಡು ತಟ್ಟೆ, ಪ್ರತಿ ತಟ್ಟೆಯಲ್ಲಿ ನಾಲ್ಕು ಬಿಲ್ಲೆ. ಒಂದು ತಟ್ಟೆಯಿಂದ ಒಂದೇ ಬಣ್ಣದ್ದನ್ನೆಲ್ಲ ಎತ್ತಿಕೊಳ್ಳಬೇಕು, ಉಳಿದದ್ದನ್ನು ನಡುವೆ ತಳ್ಳಬೇಕು. ನಮ್ಮ ಸಾಲಿಗೆ ಹಿಡಿಸದಷ್ಟು ಬಿಲ್ಲೆ ಬಂದರೆ ಮೈನಸ್. ಇಷ್ಟೇ. ಆದರೆ ಮೂರನೇ ಸುತ್ತಿಗೆ ಬರುವಾಗ ಎದುರಿನವರಿಗೆ ಬೇಡದ ಬಿಲ್ಲೆಗಳನ್ನು ಹೇಗೆ ಅಂಟಿಸುವುದು ಅಂತ ಯೋಚನೆ ಶುರುವಾಗುತ್ತದೆ. ಚೌಕಾಬಾರದಲ್ಲಿ ಕಾಯಿ ಹೊಡೆಯಲು ಕಾದು ಕೂರುವವರಿಗೆ ಇದು ಬೇಗ ಕೈ ಹಿಡಿಯುತ್ತದೆ. ಬಿಲ್ಲೆಗಳು ದಪ್ಪ, ನುಣುಪು. ಚೀಲದೊಳಗೆ ಕೈ ಹಾಕಿ ತೆಗೆಯುವುದೇ ಒಂದು ಖುಷಿ. ವಯಸ್ಸಾದವರ ಬೆರಳಿಗೂ ಸುಲಭ.

ಎರಡನೆಯದು ಕ್ರೋಕಿನೋಲ್. ಇದು ಕೆನಡಾದ ಹಳೆಯ ಆಟ, ನಮ್ಮ ಕೇರಂ ಆಡಿದವರಿಗೆ ವಿವರಣೆಯೇ ಬೇಡ. ದುಂಡನೆಯ ಮರದ ಹಲಗೆ, ನಡುವೆ ಒಂದು ಗುಳಿ, ಅದರ ಸುತ್ತ ಎಂಟು ಗೂಟ. ಬಿಲ್ಲೆಯನ್ನು ಬೆರಳಲ್ಲಿ ಚಿಮ್ಮಿಸಬೇಕು. ಗುಳಿಗೆ ಬಿದ್ದರೆ 20. ಎದುರಾಳಿಯ ಬಿಲ್ಲೆ ಹಲಗೆ ಮೇಲಿದ್ದರೆ ಮೊದಲು ಅದಕ್ಕೇ ಹೊಡೆಯಬೇಕು.

ಒಂದು ವರ್ಷ ನಮ್ಮ ಅತ್ತೆಯವರು ಬಂದಿದ್ದರು. ಅವರಿಗೂ ಭಾಷೆ ಬರುತ್ತಿರಲಿಲ್ಲ, ಮೊದಲರ್ಧ ಗಂಟೆ ನನ್ನ ಹೆಂಡತಿಯ ಕೈ ಬಿಟ್ಟಿರಲಿಲ್ಲ. ಕ್ರೋಕಿನೋಲ್ ಹಲಗೆ ಕಂಡಾಗ ನಿಂತರು. ಮೊದಲು ಅಂಗೈಯಿಂದ ಹಲಗೆ ಸವರಿದರು. "ಪೌಡರ್ ಹಾಕಿಲ್ವಾ ಇವರು?" ಅಂದರು. ಕುರ್ಚಿ ಎಳೆದುಕೊಂಡು ಕೂತು, ಸೆರಗು ಸಿಕ್ಕಿಸಿಕೊಂಡು, ನಡುಬೆರಳನ್ನು ಹೆಬ್ಬೆರಳಿಗೆ ಒತ್ತಿ ಒಂದು ಸಲ ಗಾಳಿಯಲ್ಲಿ ಚಿಮ್ಮಿ ನೋಡಿಕೊಂಡರು. ಎದುರಿಗೆ ಒಬ್ಬ ಡಚ್ ಹುಡುಗ. ಮೊದಲ ಬಿಲ್ಲೆ ಗೂಟಕ್ಕೆ ಬಡಿದು ವಾಪಸ್ ಬಂತು. ಎರಡನೆಯದು ಹಲಗೆ ದಾಟಿತು. ಮೂರನೆಯದು ಅವನ ಬಿಲ್ಲೆಗೆ ತಾಗಿ, ಅದನ್ನು ಹೊರಗೆ ಕಳಿಸಿ, ತಾನು ಜಾರುತ್ತಾ ಹೋಗಿ ಗುಳಿಗೆ ಬಿತ್ತು. ಹುಡುಗ ಎದ್ದು ನಿಂತು ಕೈ ಕುಲುಕಿದ. ಆಮೇಲೆ ಅವರನ್ನು ಅಲ್ಲಿಂದ ಎಬ್ಬಿಸಲು ನಮಗೆ ಸಾಕುಸಾಕಾಯಿತು. ಇಬ್ಬರೂ ಒಂದು ಮಾತಾಡಲಿಲ್ಲ, ಆದರೆ ಹೊಡೆತ ಗುರಿ ತಪ್ಪಿದಾಗ ಇಬ್ಬರ ಬಾಯಲ್ಲೂ "ಛೆ" ಅನ್ನುವಂಥದ್ದೇ ಬರುತ್ತಿತ್ತು. ಹಾಗಾಗಿ ಭಾಷೆ ಬಾರದ ಹಿರಿಯರು ಏನು ಮಾಡುತ್ತಾರೆ ಅನ್ನುವ ಚಿಂತೆ ಬಿಡಿ. ಕೈಗೆ ಗೊತ್ತಿರುವ ಆಟದ ಮುಂದೆ ಅವರನ್ನು ಕೂರಿಸಿ, ಅಷ್ಟೇ.

ಮೂರನೆಯದು ಮ್ಯೂಲೆ. ನಿಮ್ಮ ತಂದೆಯವರಿಗೆ ಇದು ಖಂಡಿತ ಗೊತ್ತಿರುತ್ತದೆ. ಒಂದರೊಳಗೆ ಒಂದು ಮೂರು ಚೌಕ, ಒಬ್ಬೊಬ್ಬರಿಗೆ ಒಂಬತ್ತು ಕಾಯಿ, ಮೂರು ಸಾಲಾಗಿ ಕೂತರೆ ಎದುರಿನವರ ಒಂದು ಕಾಯಿ ಎತ್ತುವುದು. ನವಕಂಕರಿ, ಸಾಲುಮನೆ ಅಂತೆಲ್ಲ ನಮ್ಮ ಕಡೆ ಆಡುವುದು ಇದನ್ನೇ. ಹಂಪಿಯ ಕಲ್ಲು ಹಾಸಿನ ಮೇಲೆ ಕೆತ್ತಿರುವ ಮನೆಗಳನ್ನು ನೀವೂ ನೋಡಿರಬಹುದು. ಜರ್ಮನಿಯಲ್ಲಿ ಇದನ್ನು ಆಡದ ಅಜ್ಜ ಅಜ್ಜಿ ಸಿಗುವುದು ಕಷ್ಟ. ಮೇಳದಲ್ಲಿ ಮರದ ಹಳೆಯ ಆಟಗಳನ್ನು ಮಾರುವ ಮಳಿಗೆ ಕಂಡರೆ ಅಲ್ಲಿ ಸ್ವಲ್ಪ ಹೊತ್ತು ನಿಲ್ಲಿ.

ಮಗಳಿಗೆ ಆಟ ಆರಿಸುವಾಗ ಡಬ್ಬಿಯ ಮೇಲಿನ ಕಾಯಿಯ ಚಿತ್ರ ನೋಡಿ. ಕೆಂಪು ಕಾಯಿ ಅಂದರೆ ಶ್ಪೀಲ್ ಡೆಸ್ ಯಾರೆಸ್, ಮನೆ ಮಂದಿಯೆಲ್ಲ ಆಡುವಂಥದ್ದು. ಈ ಪ್ರಶಸ್ತಿ 1979ರಿಂದ ಕೊಡುತ್ತಿದ್ದಾರೆ. ನೀಲಿ ಕಾಯಿ ಚಿಕ್ಕ ಮಕ್ಕಳ ಆಟಗಳಿಗೆ. ಗಾಢ ಬೂದು ಬಣ್ಣದ್ದು ಸ್ವಲ್ಪ ಆಡಿ ಪಳಗಿದವರಿಗೆ. ಕಾರ್ಕಸೋನ್ ಸಲೀಸಾಗಿ ಆಡುವ ಹುಡುಗಿ ಅಂದರೆ ಅವಳಿಗೆ ಕೆಂಪಿನದ್ದು ಯಾವುದೂ ಕಷ್ಟ ಅಲ್ಲ. ಬೂದು ಬಣ್ಣದ ಒಂದನ್ನೂ ತೋರಿಸಿ ನೋಡಿ.

ಊಟ ಮನೆಯಿಂದಲೇ ತನ್ನಿ. ಒಳಗೆ ಆಲೂ ಫ್ರೈಸ್, ಸಾಸೇಜ್, ಕ್ರೇಪ್ ಇಂಥದ್ದೇ ಜಾಸ್ತಿ, ಸಾಲೂ ಉದ್ದ. ಚಪಾತಿ ಪಲ್ಯ, ಇಲ್ಲ ಪುಳಿಯೋಗರೆ. ನೀರಿನ ಬಾಟಲಿ ಮರೆಯಬೇಡಿ, ಹಾಲ್ ಒಳಗೆ ಗಾಳಿ ಒಣ, ಮಾತಾಡಿ ಮಾತಾಡಿ ಗಂಟಲು ಕಟ್ಟುತ್ತದೆ. ತಂದೆಯವರಿಗೆ ಮಡಚುವ ಚಿಕ್ಕ ಸ್ಟೂಲ್ ಒಂದು ಇರಲಿ. ಜಾಕೆಟ್ ಹೊತ್ತು ತಿರುಗಬೇಡಿ, ಕೊಟ್ಟಿಡುವ ಜಾಗ ಇದೆ.

ಬಳ್ಳಾರಿ ಹುಡುಗ, ಬಾನ್:

ತೀರ್ಥಹಳ್ಳಿಯವರು ಹೇಳಿದ್ದು ಬಹುತೇಕ ಸರಿ. ಒಂದು ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. 71ರ ಹಿರಿಯರಿಗೆ ಮೊದಲ ಅನುಭವವೇ ಶ್ಪೀಲ್ ಆಗುವುದು ಬೇಡ ಅನ್ನಿಸುತ್ತದೆ. ಆ ಹಾಲ್‌ಗಳಲ್ಲಿ ಸದ್ದು ವಿಪರೀತ. ಸಾವಿರಾರು ಜನ ಒಟ್ಟಿಗೆ ಮಾತಾಡುವಾಗ ಪಕ್ಕದವರು ಹೇಳಿದ್ದೂ ಕೇಳುವುದಿಲ್ಲ. ಕಿವಿ ಸ್ವಲ್ಪ ಮಂದ ಇದ್ದರಂತೂ ಬೇಗ ಸುಸ್ತಾಗುತ್ತಾರೆ.

ತಂದೆಯವರು ಸೆಪ್ಟೆಂಬರ್‌ನಲ್ಲೇ ಬರುವುದಾದರೆ "ಶ್ಟಾಟ್ ಲಾಂಡ್ ಶ್ಪೀಲ್ಟ್" ಅಂತ ಒಂದು ವಾರಾಂತ್ಯ ಇರುತ್ತದೆ. ಬೇರೆ ಬೇರೆ ಊರುಗಳ ಗ್ರಂಥಾಲಯ, ಸಭಾಂಗಣಗಳಲ್ಲಿ ಆಟ ಆಡಿಸುತ್ತಾರೆ. ನಿಮ್ಮ ಹತ್ತಿರದ್ದು ಯಾವುದು ಅಂತ ಹುಡುಕಿ. ಅದು ತಪ್ಪಿದರೆ ನಗರದ ಗ್ರಂಥಾಲಯಕ್ಕೆ ಹೋಗಿ. ಇಲ್ಲಿನ ಗ್ರಂಥಾಲಯಗಳಲ್ಲಿ ಪುಸ್ತಕದ ಹಾಗೆ ಆಟದ ಡಬ್ಬಿಯನ್ನೂ ಮನೆಗೆ ಕೊಡುತ್ತಾರೆ. ಅಜುಲ್ ಅಲ್ಲೇ ಸಿಗಬಹುದು. ಮನೆಯಲ್ಲಿ ಮೂವರೂ ಆಡಿ ನೋಡಿ. ಅವರಿಗೆ ಹಿಡಿಸಿತು ಅಂದರೆ ಮೇಳಕ್ಕೆ ಹೋಗಿ. ಹೋದರೂ ಅರ್ಧ ದಿನ ಅಂತ ಲೆಕ್ಕ ಇಟ್ಟುಕೊಳ್ಳಿ. ನನ್ನ ಮಾವ ಬಂದಾಗ ನಾವು ಮಾಡಿದ್ದು ಹೀಗೆ. ಎರಡು ಗಂಟೆಗೆ ಒಳಗೆ ಹೋದೆವು, ಐದಕ್ಕೆ ಹೊರಗೆ ಬಂದೆವು. ಸುಸ್ತಾಗುವ ಮೊದಲೇ ಹೊರಟಿದ್ದರಿಂದ ಅವರಿಗೆ ಆ ದಿನದ ಮೇಲೆ ತುಂಬಾ ಪ್ರೀತಿ.

ಪಗಡೆ ಮನೆ, ಮೈಸೂರು:

ನಾನು ಜರ್ಮನಿ ನೋಡಿಲ್ಲ. ಆದರೆ ಹಾಸನದ ಅಪ್ಪ, ಚೌಕಾಬಾರ ಅಂತ ಓದಿದ ಮೇಲೆ ಬರೆಯದೆ ಇರಲು ಆಗಲಿಲ್ಲ.

ನಮ್ಮಲ್ಲಿ ರಾಮ್ಸನ್ಸ್ ಕಲಾ ಪ್ರತಿಷ್ಠಾನದವರು "ಕ್ರೀಡಾ ಕೌಶಲ್ಯ" ಅಂತ ಹಳೆಯ ಆಟಗಳ ಪ್ರದರ್ಶನ ಮಾಡುತ್ತಾ ಬಂದಿದ್ದಾರೆ. ಪಗಡೆ, ಚೌಕಾಬಾರ, ಅಳಗುಳಿ ಮಣೆ, ಹುಲಿ ಕುರಿ ಆಟ ಎಲ್ಲ ಇರುತ್ತವೆ. ಬಟ್ಟೆಯ ಮೇಲೆ ಕಸೂತಿ ಹಾಕಿದ ಹಾಸು, ಮರದ ಹಲಗೆ, ಬಣ್ಣದ ಕಾಯಿಗಳು, ಒಂದಕ್ಕಿಂತ ಒಂದು ಚೆಂದ. ನಿಮ್ಮ ತಂದೆಯವರು ಹೊರಡುವ ಮೊದಲು ಮೈಸೂರಿಗೆ ಬರುವುದಿದ್ದರೆ ಚೌಕಾಬಾರದ ಒಂದು ಬಟ್ಟೆ ಹಾಸು ತಗೊಂಡು ಬರಲು ಹೇಳಿ. ಮಡಚಿದರೆ ಕರ್ಚೀಫಿನಷ್ಟು ಜಾಗ. ಕವಡೆ ಬೇಡ ಅನ್ನಿಸಿದರೆ ಹುಣಸೆ ಬೀಜ ಸಾಕು. ಒಂದು ಬದಿಯನ್ನು ಒರಟು ಕಲ್ಲಿಗೆ ನೀರು ಹಾಕಿ ತೇಯಬೇಕು. ಕಂದು ಸಿಪ್ಪೆ ಹೋಗಿ ಒಳಗಿನ ಬಿಳಿ ಕಾಣುವವರೆಗೆ. ಇನ್ನೊಂದು ಬದಿ ಹಾಗೇ ಇರಲಿ. ನಾಲ್ಕು ಬೀಜ ಆದರೆ ಆಟಕ್ಕೆ ಸಾಕು, ಆರು ತೇಯ್ದು ಇಟ್ಟುಕೊಳ್ಳಿ, ಒಂದೆರಡು ಉರುಳಿ ಹೋಗುತ್ತವೆ.

ಇನ್ನೊಂದು. ಜರ್ಮನ್ನರ ಮನೆಮನೆಯಲ್ಲಿ ಇರುವ "ಮೆನ್ಶ್ ಎರ್ಗೆರೆ ಡಿಶ್ ನಿಶ್ಟ್" ಆಟ ನಿಮ್ಮ ಮಗಳಿಗೆ ಗೊತ್ತೇ ಇರುತ್ತದೆ. ಅದು ನಮ್ಮ ಪಚ್ಚೀಸಿಯ ಸಂತಾನ. ಮ್ಯೂನಿಕ್‌ನ ಜೋಸೆಫ್ ಫ್ರೀಡ್ರಿಶ್ ಶ್ಮಿಟ್ ಅದನ್ನು ತನ್ನ ಮಕ್ಕಳಿಗಾಗಿ ಮಾಡಿದ. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರ ಆಸ್ಪತ್ರೆಗಳಿಗೆ 3,000 ಆಟ ಕಳಿಸಿಕೊಟ್ಟ. ಸೈನಿಕರು ಮನೆಗೆ ಹೋಗುವಾಗ ಆಟವೂ ಅವರ ಜೊತೆ ಹೋಯಿತು, ದೇಶವೆಲ್ಲ ಹರಡಿತು. ಹಾಗಾಗಿ ನಿಮ್ಮ ತಂದೆಯವರು ಅಲ್ಲಿಗೆ ಹೊಸಬರಾಗಿ ಹೋಗುತ್ತಿಲ್ಲ. ಅವರ ಆಟದ ನೆಂಟರು ಅಲ್ಲಿ ನೂರು ವರ್ಷದಿಂದ ಇದ್ದಾರೆ. ಅವರಿಗೆ ಇದನ್ನು ದಯವಿಟ್ಟು ಹೇಳಿ, ತುಂಬಾ ಸಂತೋಷ ಪಡುತ್ತಾರೆ.

ಹಾಸನದವಳು, ಡೋರ್ಟ್‌ಮುಂಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ವಿವರವಾಗಿ ಬರೆಯುತ್ತೀರಿ ಅಂದುಕೊಂಡಿರಲಿಲ್ಲ. ಅಪ್ಪನಿಗೆ ಫೋನ್‌ನಲ್ಲಿ ಓದಿ ಹೇಳಿದೆ. ಪಚ್ಚೀಸಿ ವಿಷಯ ಕೇಳಿ "ಹಂಗಾದ್ರೆ ಅವರಿಗೆ ಚೌಕಾಬಾರ ಬರತ್ತೆ ಬಿಡು" ಅಂದರು. ಹುಣಸೆ ಬೀಜ ಅಮ್ಮನ ಹತ್ತಿರ ಇದೆಯಂತೆ.

ಆ ಶುಕ್ರವಾರ ಶಾಲೆಗೆ ರಜೆ ಇದೆ, ನೋಡಿದೆ. ಅವತ್ತಿಗೇ ಮೂರು ಟಿಕೆಟ್ ತಗೊಳ್ಳುತ್ತೇನೆ. ಬಾನ್‌ನವರು ಹೇಳಿದ ಹಾಗೆ ಅರ್ಧ ದಿನದ ಲೆಕ್ಕ. ಗ್ರಂಥಾಲಯದಲ್ಲಿ ಅಜುಲ್ ಕೇಳಿಟ್ಟಿದ್ದೇನೆ.

ಎರಡು ಪ್ರಶ್ನೆ ಉಳಿದಿದೆ. ಅಪ್ಪ ಚೌಕಾಬಾರದ ಹಾಸು ತಂದರೆ ಅದನ್ನು ಮೇಳದಲ್ಲಿ ಹರಡಿ ಆಡಬಹುದಾ? ಯಾರಾದರೂ ಬೇಡ ಅನ್ನುತ್ತಾರಾ? ಇನ್ನೊಂದು, ಮಗಳು ಏನಾದರೂ ಕೊಳ್ಳದೆ ಬರುವವಳಲ್ಲ. ಎಷ್ಟು ದುಡ್ಡು ಇಟ್ಟುಕೊಳ್ಳಲಿ?

ತೀರ್ಥಹಳ್ಳಿಯವ, ಎಸ್ಸೆನ್:

ಬಾನ್‌ನವರ ಮಾತು ನನಗೂ ಒಪ್ಪಿಗೆ. ಗ್ರಂಥಾಲಯದ ದಾರಿ ಒಳ್ಳೆಯದು. ಅರ್ಧ ದಿನವೇ ಇರಲಿ. ಹನ್ನೊಂದಕ್ಕೆ ಬನ್ನಿ ಅಂದಿದ್ದೆ, ಒಂದು ಗಂಟೆಗೆ ಮನೆಯಲ್ಲೇ ಊಟ ಮುಗಿಸಿ ಹೊರಟರೆ ಇನ್ನೂ ವಾಸಿ. ಶುಕ್ರವಾರ ಏಳರವರೆಗೆ ತೆರೆದಿರುತ್ತದೆ. ಮಧ್ಯದಲ್ಲಿ ಸದ್ದು ಜಾಸ್ತಿ ಅನ್ನಿಸಿದರೆ ಕಾಲು ಗಂಟೆ ಹೊರಗೆ ಹೋಗಿ ಕೂತು ಬನ್ನಿ. ಒಳಗಿನ ಹಾಲ್‌ಗಳನ್ನು ಆಟದ ಜಾತಿ ನೋಡಿ ಹಂಚಿರುತ್ತಾರೆ. ನೀವು ಕುಟುಂಬದ ಆಟಗಳ ಕಡೆಯೇ ಇರಿ. ಎಲ್ಲ ಹಾಲ್ ಸುತ್ತಬೇಕು ಅನ್ನುವ ಆಸೆ ಬೇಡ.

ಹಾಸಿನ ವಿಷಯ. ಮಳಿಗೆಗಳ ಮೇಜು ಅವರವರ ಆಟಕ್ಕೆ ಇಟ್ಟಿರುವುದು. ಅಲ್ಲಿ ನಮ್ಮ ಹಾಸು ಹರಡುವುದು ಸರಿಯಲ್ಲ, ಕಾಯುತ್ತಿರುವವರಿಗೆ ತೊಂದರೆ. ಆದರೆ ಹಾಲ್‌ಗಳ ನಡುವಿನ ಜಾಗದಲ್ಲಿ, ಗೋಡೆ ಪಕ್ಕದಲ್ಲಿ ಜನ ನೆಲದ ಮೇಲೆ ಕೂತು ಆಗ ತಾನೇ ಕೊಂಡ ಡಬ್ಬಿ ಒಡೆದು ಆಡುತ್ತಿರುತ್ತಾರೆ. ನಡೆಯುವ ದಾರಿಗೆ ಅಡ್ಡ ಬರದಿದ್ದರೆ ಸಾಕು. ತಂದೆಯವರಿಗೆ ನೆಲದ ಮೇಲೆ ಕೂರಲು ಕಷ್ಟ ಅಲ್ವಾ? ಹಾಗಾಗಿ ಊಟದ ಮೇಜುಗಳ ಕಡೆ ಹೋಗಿ. ಊಟದ ರಶ್ ಮುಗಿದ ಮೇಲೆ, ಮೂರೂವರೆ ನಾಲ್ಕರ ಹೊತ್ತಿಗೆ, ಮೇಜು ಖಾಲಿ ಇರುತ್ತವೆ. ಅಲ್ಲಿ ಹರಡಿ.

ಒಂದು ಎಚ್ಚರಿಕೆ. ಹಾಸು ಹರಡಿದ ಕೂಡಲೇ ಯಾರಾದರೂ ಬಂದು ಬಗ್ಗಿ ನೋಡಿಯೇ ನೋಡುತ್ತಾರೆ. ಅಲ್ಲಿ ಬರುವವರಿಗೆ ಕಾಣದ ಆಟ ಕಂಡರೆ ಕಾಲು ಮುಂದೆ ಹೋಗುವುದಿಲ್ಲ. ನಿಯಮ ಕೇಳುತ್ತಾರೆ. ಮಗಳಿಗೆ ಮೊದಲೇ ಜರ್ಮನ್‌ನಲ್ಲಿ ಹೇಳಲು ಅಭ್ಯಾಸ ಮಾಡಿಸಿ. ಐದೈದು ಮನೆ, ನಾಲ್ಕು ಬೀಜ, ನಾಲ್ಕೂ ಬಿಳಿ ಬಿದ್ದರೆ ಚೌಕ ಅಂದರೆ ನಾಲ್ಕು, ಒಂದೂ ಬಿಳಿ ಇಲ್ಲದಿದ್ದರೆ ಬಾರ ಅಂದರೆ ಎಂಟು, ಎರಡಕ್ಕೂ ಇನ್ನೊಂದು ಸಲ ಹಾಕುವುದು. ಕಟ್ಟೆಯಲ್ಲಿರುವ ಕಾಯಿಯನ್ನು ಹೊಡೆಯುವಂತಿಲ್ಲ. ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ ಹೋಗುವಂತಿಲ್ಲ. ಇಷ್ಟು ಹೇಳಿದರೆ ಸಾಕು, ಉಳಿದದ್ದನ್ನು ತಾತ ಆಡುತ್ತಾ ತೋರಿಸುತ್ತಾರೆ. ನಿಮ್ಮೂರಲ್ಲಿ ನಿಯಮ ಸ್ವಲ್ಪ ಬೇರೆ ಇದ್ದರೆ ಅವರು ಹೇಳಿದ್ದೇ ಕೊನೆ ಮಾತು ಅಂತ ಇಟ್ಟುಕೊಳ್ಳಿ.

ದುಡ್ಡಿಗೆ ಬಂದರೆ, ಒಂದು ಒಳ್ಳೆಯ ಕುಟುಂಬದ ಆಟ 30ರಿಂದ 45 ಯೂರೋ ಒಳಗೆ ಬರುತ್ತದೆ. 50 ಇಟ್ಟುಕೊಳ್ಳಿ. ಮಗಳಿಗೆ ಮನೆಯಿಂದ ಹೊರಡುವಾಗಲೇ ಹೇಳಿಬಿಡಿ, ಒಂದೇ ಡಬ್ಬಿ, ಅದೂ ಇವತ್ತು ಅಲ್ಲಿ ಕೂತು ಆಡಿದ್ದೇ ಆಗಿರಬೇಕು ಅಂತ. ಹೊರಗಿನ ಚಿತ್ರ ನೋಡಿ ಕೊಂಡ ಆಟಗಳು ಎಷ್ಟೋ ಮನೆಗಳ ಕಪಾಟಿನಲ್ಲಿ ಪ್ಲಾಸ್ಟಿಕ್ ಕೂಡ ಬಿಚ್ಚದೆ ಕೂತಿವೆ. ಆಡಿ ಇಷ್ಟಪಟ್ಟು ತಂದದ್ದು ಮಾತ್ರ ವಾರ ವಾರ ಮೇಜಿಗೆ ಬರುತ್ತದೆ. ಕೆಲವು ಮಳಿಗೆಗಳಲ್ಲಿ ಕಾರ್ಡ್ ನಡೆಯುವುದಿಲ್ಲ, ಚಿಕ್ಕ ಕಂಪನಿಯವರ ಹತ್ತಿರ ಮುಖ್ಯವಾಗಿ. ನಗದು ಇರಲಿ.

ಆ ಶುಕ್ರವಾರ ಮಧ್ಯಾಹ್ನದ ಮೇಲೆ ನಾನೂ ಅಲ್ಲೇ ಇರುತ್ತೇನೆ. ಒಳಗೆ ಬಂದ ಮೇಲೆ ಇಲ್ಲೇ ಖಾಸಗಿ ಸಂದೇಶ ಹಾಕಿ. ಚೌಕಾಬಾರಕ್ಕೆ ನಾಲ್ಕನೆಯವರು ಬೇಕಲ್ಲ, ನಾನು ಬರುತ್ತೇನೆ.